ಬೋರಲು ಮಲಗಿದ ದೋಣಿ

ಬೆಣ್ಣೆ ಗಟ್ಟಿಯಾಗಿತ್ತು. ಡಿಂಫ್ನಾ ಅದರ ಬಟ್ಟಲನ್ನು ನೀರು ಕಾಯುತ್ತಿದ್ದ ಹಂಡೆಗೆ ಒರಗಿಸಿಟ್ಟು, ಮೆತ್ತಗಾದಷ್ಟನ್ನು ಚಾಕುವಿನಿಂದ ಕೆರೆದು ಬ್ರೆಡ್ಡಿಗೆ ಸವರುತ್ತಿದ್ದಳು. ಅಂಚಿನವರೆಗೆ ಸವರಬೇಕು. ಅಂಚು ಬಿಟ್ಟರೆ ಜಿಪುಣರ ಮನೆಯ ಬ್ರೆಡ್ಡು ಎಂದು ನೆರೆಯ ಡೆಲಿಯಾ ಊರಿಗೆಲ್ಲ ಹೇಳಿಯಾಳು. ಒಂದು ತಟ್ಟೆಯಲ್ಲಿ ಹಂದಿಮಾಂಸದ ತೆಳು ಹೋಳುಗಳು, ಇನ್ನೊಂದರಲ್ಲಿ ಬೇಯಿಸಿ ಹಿಸುಕಿದ ಮೊಟ್ಟೆ. ಕಿಟಕಿಯ ಬಳಿ ಒದ್ದೆ ಬಟ್ಟೆ ಮುಚ್ಚಿಟ್ಟ ಒಣದ್ರಾಕ್ಷಿಯ ಬ್ರೆಡ್ಡು. ಊರ ಸಭಾಭವನದ ಈ ಅಡುಗೆಮನೆಯಲ್ಲಿ ಸಂತ ಮಾರ್ಟಿನನ ಹಬ್ಬದ ಮಧ್ಯಾಹ್ನ ಅವಳು ಹೀಗೆ ನಿಲ್ಲುವುದು ಮದುವೆಯಾಗಿ ಬಂದ ವರ್ಷದಿಂದಲೂ ನಡೆದುಬಂದಿತ್ತು. ಅದಕ್ಕೆ ಮುಂಚೆ ಇದೇ ಜಾಗದಲ್ಲಿ ಅವಳ ಅತ್ತೆ ನಾಬ್ಲಾ ನಿಲ್ಲುತ್ತಿದ್ದಳು.

ಬಾಗಿಲು ತಳ್ಳಿಕೊಂಡು ಮಗಳು ಫಿನೋಲಾ ಬಂದಳು. ಕೋಟಿನ ಮೇಲೆಲ್ಲ ಮಳೆಯ ಹನಿ.

"ಅಮ್ಮಾ, ಪ್ರೊಫೆಸರು ಬಂದಾಯ್ತು. ಅಪ್ಪನ ಜೊತೆ ಪಕ್ಕದ ಕೋಣೇಲಿ ಕೂತಿದಾರೆ. ನಿನ್ನನ್ನ ಕರೀತಿದಾರೆ."

"ಬ್ರೆಡ್ಡು ಮುಗೀಲಿ."

"ಬ್ರೆಡ್ಡು ಎಲ್ಲೂ ಓಡಿಹೋಗಲ್ಲ. ಒಂದೇ ಒಂದು ಮಾತು ಕೇಳ್ತಾರಂತೆ. ನೀನು ಇಲ್ಲ ಅಂದ್ರೆ ಮುಗೀತು."

"ಏನು ಕೇಳ್ತಾರೆ ಅಂತ ನಿನಗೆ ಹೇಗೆ ಗೊತ್ತು?"

"ಅಪ್ಪನ್ನ ಕೇಳಿದ್ದೂ ಅದೇ. ಆ ದೋಣಿ ವಿಷಯ ನಿಮ್ಮ ಮನೇಲಿ ಯಾರಾದ್ರೂ ಯಾವತ್ತಾದ್ರೂ ಆಡಿದ್ದಿದೆಯಾ ಅಂತ. ಅಪ್ಪ ಇಲ್ಲ ಅಂದ್ರು. ಈಗ ನೀನೊಬ್ಳು ಇಲ್ಲ ಅಂದ್ಬಿಟ್ರೆ ಇವತ್ತೇ ಎಲ್ಲರ ಮುಂದೆ ಹೇಳ್ತಾರೆ. ಆ ನಾಲ್ಕು ಸಾಲು ಸೈವ್‌ದಲ್ಲ, ಆಮೇಲೆ ಯಾರೋ ಸೇರಿಸಿದ್ದು ಅಂತ. ಹೊಸ ಪಠ್ಯಪುಸ್ತಕದಲ್ಲಿ ಅವು ಇರೋದೇ ಇಲ್ಲ ಅಮ್ಮ."

ಡಿಂಫ್ನಾ ಚಾಕುವನ್ನು ಬಟ್ಟೆಗೆ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು.

ರಿನ್‌ಬಾನ್ ಕೊಲ್ಲಿಯ ಈ ಊರಿನಲ್ಲಿ ಇನ್ನೂರು ವರ್ಷಗಳ ಹಿಂದೆ ಸೈವ್ ಎಂಬ ಹೆಂಗಸಿದ್ದಳು. ಮಾರ್ಟಿನನ ಹಬ್ಬದ ದಿನ ಯಾರೂ ಕಡಲಿಗೆ ದೋಣಿ ಇಳಿಸುವುದಿಲ್ಲ. ಆದರೆ ಯಾರದೋ ಅವಸರಕ್ಕೆ ಮರುಗಿ ಸೈವ್‌ಳ ಗಂಡ ಇಳಿಸಿದ. ದಡಕ್ಕೆ ಕಾಣುವಷ್ಟು ಹತ್ತಿರದಲ್ಲೇ ದೋಣಿ ಮಗುಚಿತು. ಕತ್ತಲಾಗುವವರೆಗೂ ಅವನು ಅದರ ಬೆನ್ನು ಹಿಡಿದು ಕೂಗಿದ. ದಡದಲ್ಲಿ ನಿಂತು ಅದನ್ನು ಕೇಳಿದ ಸೈವ್ ಮೂರು ದಿನ ಹಾಡಿಕೊಂಡು ಅತ್ತಳಂತೆ. ಆ ಗೋಳು ಬಾಯಿಂದ ಬಾಯಿಗೆ ಉಳಿಯಿತು. ಅರವತ್ತು ವರ್ಷದ ಮೇಲೆ ಒಬ್ಬ ಶಾಲಾ ಮೇಷ್ಟ್ರು ಅದನ್ನು ಬರೆದುಕೊಂಡ. ಅಲ್ಲಿಂದ ಅದು ಲೋಕಕ್ಕೆ ಹೋಯಿತು. ಈಗ ಐರ್ಲೆಂಡಿನ ಯಾವ ಮಗುವೂ ಅದನ್ನು ಬಾಯಿಪಾಠ ಮಾಡದೆ ಶಾಲೆ ದಾಟುವಂತಿಲ್ಲ. ಡಬ್ಲಿನ್ನಿನ ಹುಡುಗರು ಅದಕ್ಕೆ ಡ್ರಮ್ಮು ಬಾರಿಸಿ ಕುಣಿದರು. ಜಪಾನಿನಿಂದ ಬಂದ ಒಬ್ಬಳು ಸೈವ್‌ಳ ಸಮಾಧಿ ಎಲ್ಲಿ ಎಂದು ಕೇಳಿಕೊಂಡು ಮಳೆಯಲ್ಲಿ ದಿನವಿಡೀ ಅಲೆದಳು. ಪಾತ್ರೆ ಒರೆಸುವ ಬಟ್ಟೆಯ ಮೇಲೂ ಅದರ ಸಾಲುಗಳು ಅಚ್ಚಾಗಿ ಅಂಗಡಿಯಲ್ಲಿ ತೂಗಿದವು.

ಆ ಪದ್ಯದ ನಡುವೆ ನಾಲ್ಕು ಸಾಲಿವೆ:

ಗ್ಯಾರವನ್ನನ ಅಂಗಳದಲ್ಲಿ ದೋಣಿ ಬೋರಲು ಮಲಗಿತ್ತು,
ಬೆನ್ನು ಒಣಗಿಸಿಕೊಂಡು ಬೆಚ್ಚಗೆ ಮಲಗಿತ್ತು;
ನನ್ನವನು ಕೂಗಿದ, ಕೂಗಿದ, ಬಾಯಿಗೆ ಉಪ್ಪು ತುಂಬಿತ್ತು,
ಆ ಮನೆಯ ಹೊಗೆಗೂಡಲ್ಲಿ ಅಡುಗೆಯ ಹೊಗೆ ಎದ್ದಿತ್ತು.

ಇಡೀ ಪದ್ಯದಲ್ಲಿ ಜನ ಮೊದಲು ಕಲಿಯುವುದೂ ಕೊನೆಗೆ ಮರೆಯುವುದೂ ಈ ನಾಲ್ಕನ್ನೇ. ಕೈಕಟ್ಟಿ ಕೂತ ಸರ್ಕಾರವನ್ನು ಬೈಯುವಾಗ ಪತ್ರಿಕೆಗಳು "ಗ್ಯಾರವನ್ನನ ದೋಣಿ" ಎನ್ನುತ್ತವೆ. ನೆರವಿಗೆ ಬಾರದ ನೆಂಟನಿಗೂ ಹಾಗೆನ್ನುತ್ತಾರೆ. ಎಲ್ಲರಿಗೂ ಅದೊಂದು ಮಾತು, ಬಳಸಿ ಸವೆದ ಮಾತು. ರಿನ್‌ಬಾನ್‌ನಲ್ಲಿ ಮಾತ್ರ ಗ್ಯಾರವನ್ ಎಂದರೆ ಚರ್ಚಿನ ಆಚೆಯ ತಿರುವಿನ ಮನೆ; ಕೋಲ್ಮನ್ ಗ್ಯಾರವನ್, ಅವನ ಹೆಂಡತಿ ಡಿಂಫ್ನಾ, ಮಗಳು ಫಿನೋಲಾ.

ಊರಿನವರು ಕೆಟ್ಟವರಲ್ಲ. ಗ್ಯಾರವನ್ ಮನೆಯವರು ಎದುರಿಗಿದ್ದರೆ ಆ ನಾಲ್ಕು ಸಾಲನ್ನು ಯಾರೂ ಹೇಳುವುದಿಲ್ಲ. ಅದಕ್ಕೊಂದು ಪದ್ಧತಿಯೇ ಬೆಳೆದಿತ್ತು. ಹಬ್ಬದ ಸಂಜೆ ಪದ್ಯ ಹೇಳುವಾಗ ಆ ಸಾಲುಗಳು ಹತ್ತಿರ ಬಂದವೆನ್ನುವಾಗ ಗ್ಯಾರವನ್ ಮನೆಯ ಹೆಂಗಸು ಎದ್ದು ಚಹಾ ಹಾಕಲು ಒಳಗೆ ಹೋಗುತ್ತಾಳೆ. ಗಂಡಸರು ಸೇದಲೆಂದು ಹೊರಗೆ ಹೋಗುತ್ತಾರೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಒಳಗೆ ಸಾಲುಗಳು ಮುಗಿಯುತ್ತವೆ. ಆಮೇಲೆ ಎಲ್ಲರೂ ಚಹಾ ಎಷ್ಟು ಚೆನ್ನಾಗಿದೆ ಎನ್ನುತ್ತಾರೆ. ಒಂದೊಂದು ಸಲ ಡಿಂಫ್ನಾಳಿಗೆ, ಮುಖಕ್ಕೆ ಉಗುಳಿದ್ದರೂ ಇದಕ್ಕಿಂತ ಸಸಾರವಿತ್ತೇನೋ ಎನಿಸುತ್ತಿತ್ತು.

"ಸೋಮವಾರ ಆರನೇ ಕ್ಲಾಸಿಗೆ ಅದೇ ಪಾಠ," ಎಂದಳು ಫಿನೋಲಾ. ಊರಿನ ಶಾಲೆಯಲ್ಲಿ ಅವಳಿಗೆ ಕೆಲಸ ಸಿಕ್ಕಿ ಎರಡು ತಿಂಗಳಾಗಿತ್ತು. "ನಾನು ಆ ಕ್ಲಾಸಲ್ಲಿದ್ದಾಗ ಆ ಸಾಲು ಬಂದಾಗೆಲ್ಲ ಟೀಚರ್ ನನ್ನನ್ನ ಸೀಮೆಸುಣ್ಣ ತರೋಕೆ ಕಳಿಸ್ತಿದ್ರು. ಪಾಪ, ಒಳ್ಳೇ ಹೆಂಗಸು. ಕಪಾಟಿನ ತುಂಬ ಸೀಮೆಸುಣ್ಣ ಇರ್ತಿತ್ತು. ವಾಪಸ್ ಬಂದ್ರೆ ಇಡೀ ಕ್ಲಾಸು ತಲೆ ಬಗ್ಗಿಸಿಕೊಂಡು ಕೂತಿರೋದು. ಈಗ ನಾನೇ ಟೀಚರು. ಯಾರನ್ನ ಎಲ್ಲಿಗೆ ಕಳಿಸ್ಲಿ, ಹೇಳು?"

ಡಿಂಫ್ನಾ ಮೊಟ್ಟೆಯ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು.

"ಮಕ್ಕಳು ಆಗ್ಲೇ ನನಗೆ ಹೆಸರಿಟ್ಟಿದಾರೆ. ಮಿಸ್ ಒಣದೋಣಿ. ಬಾಗಿಲ ಹಿಂದೆ ನಿಂತು ಕೇಳಿಸ್ಕೊಂಡೆ." ಅವಳು ನಕ್ಕಳು. "ಬೇಗ ಬಾ ಅಮ್ಮ."

ಮಗಳು ಹೋದ ಮೇಲೂ ಡಿಂಫ್ನಾ ಪಕ್ಕದ ಕೋಣೆಯ ಕಡೆ ಹೋಗಲಿಲ್ಲ. ಇನ್ನೊಂದು ಬ್ರೆಡ್ಡು ಬಿಚ್ಚಿದಳು.

ಫಿನೋಲಾ ಹೊಟ್ಟೆಯಲ್ಲಿದ್ದಾಗಿನ ಮಾತು ಅದು. ಏಳು ತಿಂಗಳ ಬಸುರಿ. ಅತ್ತೆ ಸೊಸೆ ಇಬ್ಬರೂ ಹಾಸಿಗೆ ಬಿಸಿಲಿಗೆ ಹಾಕಲೆಂದು ಎತ್ತುತ್ತಿದ್ದರು. ನಾಬ್ಲಾ ಒಂದು ತುದಿ ಹಿಡಿದವಳು ಹಾಗೆಯೇ ನಿಂತು, ಬಾಗಿಲ ಕಡೆ ನೋಡಿ, ಅಡುಗೆಗೆ ಉಪ್ಪೆಷ್ಟು ಎಂದು ಹೇಳುವ ದನಿಯಲ್ಲೇ ಹೇಳಿಬಿಟ್ಟಿದ್ದಳು.

"ದೋಣಿ ಇತ್ತು ಕಣೇ. ಗಂಡಸರು ಹೊರಟೂ ಇದ್ರು. ಆಗ ಈ ಮನೆ ಸೊಸೆ ಬಸುರಿ. ಅವಳ ಗಂಡ, ಇಬ್ಬರು ಮೈದುನರು, ಮೂರೂ ಜನ ಒಂದೇ ದೋಣಿಗೆ. ಹಿಂದಿನ ವರ್ಷ ತಾನೇ ಮಾವನ್ನ ಕಡಲು ನುಂಗಿತ್ತು. ಅವಳು ದೋಣಿಯ ಹುಟ್ಟುಗಳನ್ನೆಲ್ಲ ಹಾಸಿಗೆ ಹುಲ್ಲಿನ ಕೆಳಗೆ ಇಟ್ಟು ಮೇಲೆ ಮಲಗಿಬಿಟ್ಳು. ಬೇನೆ ಬಂತು ಅಂತ ಕೂಗಿಕೊಂಡ್ಳು. ಹೆರೋ ಹೆಂಗಸಿನ ಕೋಣೆಗೆ ಗಂಡಸರು ಕಾಲಿಡ್ತಾರಾ? ಮನೆ, ಕೊಟ್ಟಿಗೆ, ಬಣವೆ ಎಲ್ಲ ಹುಡುಕಿದ್ರು. ಆ ಕಡೆ ನೀರಲ್ಲಿ ಸೈವ್ ಗಂಡ ಕೂಗ್ತಿದ್ದ, ಈ ಕಡೆ ಇವಳು ಕೂಗ್ತಿದ್ಳು. ಕತ್ತಲಾದ ಮೇಲೆ ಇಬ್ಬರೂ ನಿಲ್ಲಿಸಿದ್ರು."

"ಮಗು?" ಎಂದು ಕೇಳಿದ್ದಳು ಡಿಂಫ್ನಾ. ಬೇರೇನೂ ಬಾಯಿಗೆ ಬಂದಿರಲಿಲ್ಲ.

"ಅದು ಬಂದಿದ್ದು ಒಂದೂವರೆ ತಿಂಗಳಾದ ಮೇಲೆ, ಕ್ರಿಸ್‌ಮಸ್ಸಿಗೆ. ಆ ಮಗುವಿನ ಮೊಮ್ಮಕ್ಕಳ ಮಕ್ಕಳೇ ನಮ್ಮ ಗಂಡಸರು." ನಾಬ್ಲಾ ಹಾಸಿಗೆಯ ತುದಿ ಎತ್ತಿದಳು. "ಅತ್ತೆ ಸೊಸೆಗೆ ಹೇಳ್ಕೊಂಡು ಬಂದಿದ್ದು ಇದು. ಗಂಡಸರಿಗೆ ಹೇಳಬೇಡ. ಶಾಪ ಹೊತ್ಕೊಂಡು ಓಡಾಡ್ತಾರೆ ಅವರು, ಇದನ್ನ ಹೊರಲಾರರು."

ಆ ಹೆಂಗಸಿನ ಹೆಸರೇನು ಎಂದು ಕೇಳಿದ್ದಕ್ಕೆ ನಾಬ್ಲಾ, ಯಾರಿಗೆ ಗೊತ್ತು, ಎಂದಿದ್ದಳು. ಸೈವ್‌ಳ ಹೆಸರು ಜಪಾನಿನವರಿಗೂ ಗೊತ್ತು. ಇವಳ ಹೆಸರು ಇವಳ ಮನೆಯವರಿಗೇ ಗೊತ್ತಿಲ್ಲ.

ಹಿಂಬಾಗಿಲು ಸದ್ದಾಯಿತು. ಬಾರ್ಟ್ಲಿ ಟೂಲಿಸ್ ಟೋಪಿ ತೆಗೆದು ಕೊಡವುತ್ತಾ ಒಳಗೆ ಬಂದ. ಸೈವ್‌ಳ ತಂಗಿಯ ಸಂತತಿ. ಹಬ್ಬದ ಸಂಜೆ ಪದ್ಯ ಹೇಳುವ ಹಕ್ಕು ಆ ಮನೆಯದು. ಎಂಬತ್ತರ ಹತ್ತಿರದ ಮುದುಕ. ಒಲೆಯ ಬಳಿ ಕೈ ಕಾಯಿಸಿಕೊಂಡ.

"ಒಂದು ಗುಟುಕು ಚಹಾ ಸಿಗುತ್ತಾ ಮಗಳೇ? ಗಂಟಲು ಕೀರ್ ಅಂತಿದೆ."

ಅವಳು ಬಸಿದು ಕೊಟ್ಟಳು. ಅವನು ನಿಂತೇ ಕುಡಿದ.

"ಆ ಪ್ರೊಫೆಸರು ನಮ್ಮ ಮನೆಗೂ ಬಂದಿದ್ದ. ಒಳ್ಳೇ ಹುಡುಗ. ನಮ್ಮ ನಾಯಿಗೂ ಅವನನ್ನ ಕಂಡ್ರೆ ಇಷ್ಟ ಆಯ್ತು, ಅದಕ್ಕೆ ಪಾದ್ರಿಗಳನ್ನ ಕಂಡ್ರೂ ಆಗಲ್ಲ. ಸೈವ್ ಹಾಗೆ ಹೇಳಿರೋಕೆ ಸಾಧ್ಯವೇ ಇಲ್ಲ, ಮೇಷ್ಟ್ರು ಸೇರಿಸಿದ್ದು ಅಂತಾನೆ. ಮೇಷ್ಟ್ರಿಗೂ ನಿಮ್ಮ ಮನೆಯವರಿಗೂ ಉರುವಲು ಮಣ್ಣು ಕಡಿಯೋ ಜಾಗದ ಜಗಳ ಇತ್ತಂತೆ."

"ಇತ್ತು ಅಂತ ನಾನೂ ಕೇಳಿದೀನಿ."

"ಇತ್ತು, ಇತ್ತು. ಯಾರಿಗೆ ಯಾರ ಜೊತೆ ಜಗಳ ಇರ್ಲಿಲ್ಲ ಈ ಊರಲ್ಲಿ." ಬಾರ್ಟ್ಲಿ ಲೋಟದ ತಳ ನೋಡಿದ. "ನಮ್ಮಜ್ಜಿ ನನಗೆ ಪದ್ಯ ಕಲಿಸಿದ್ದು ಹೊಡೆದು ಹೊಡೆದು. ಒಂದು ಮಾತು ತಪ್ಪಿದ್ರೆ ಚಮಚದಲ್ಲಿ ಕೈಗೆ. ಆ ನಾಲ್ಕು ಸಾಲು ಹೇಳಿಕೊಡುವಾಗ ಮಾತ್ರ ಅತ್ತಳು. ನಮ್ಮಜ್ಜಿ ಸುಳ್ಳಿಗೆ ಅಳೋಳಲ್ಲ, ಡಿಂಫ್ನಾ."

ಹಂಡೆಯ ನೀರು ಸುಯ್ಯೆನ್ನುತ್ತಿತ್ತು.

"ನಾನು ನಿನ್ನನ್ನ ಏನೂ ಕೇಳೋಕೆ ಬಂದಿಲ್ಲ," ಎಂದ ಅವನು. "ನಿಂಗೊಂದು ಮಗಳಿದಾಳೆ. ನಾನು ಸತ್ತ ಮೇಲೆ ನನಗೆ ಪದ್ಯ ಕಟ್ಕೊಂಡು ಏನಾಗ್ಬೇಕು. ಆದ್ರೆ ಅದನ್ನ ತೆಗೆದ್ರೆ ಸೈವ್ ಬಾಯಲ್ಲಿ ಉಳಿಯೋದೇನು? ಅಲೆ, ಗಾಳಿ, ಮೀನುಹಕ್ಕಿ. ಅಷ್ಟಕ್ಕೆ ಯಾರೂ ಮೂರು ದಿನ ಅಳಲ್ಲ."

ಲೋಟ ತೊಳೆದಿಟ್ಟು ಹೋದ. ಈ ಊರಿನ ಗಂಡಸು ತನ್ನ ಲೋಟ ತಾನು ತೊಳೆದದ್ದನ್ನು ಡಿಂಫ್ನಾ ಅದೇ ಮೊದಲು ನೋಡಿದ್ದು.

ಪಕ್ಕದ ಕೋಣೆಯಲ್ಲಿ ಪ್ರೊಫೆಸರ್ ಲೋರ್ಕನ್ ಹ್ಯಾಕೆಟ್ ಎದ್ದು ನಿಂತು ಕುರ್ಚಿ ಎಳೆದು ಕೊಟ್ಟ. ನಲವತ್ತರ ಆಸುಪಾಸು, ಒದ್ದೆ ಸ್ವೆಟರು, ಕಣ್ಣಿನಲ್ಲಿ ಪರೀಕ್ಷೆಯ ಹುಡುಗನ ಕಾತರ. ಈ ಪದ್ಯದ ಹಿಂದೆ ಹನ್ನೆರಡು ವರ್ಷ ಕಳೆದಿದ್ದನಂತೆ. ಕೋಲ್ಮನ್ ಗೋಡೆಗೆ ಆನಿಕೊಂಡು ಕೂತಿದ್ದ. ಚರ್ಚಿಗೆ ಹಾಕುವ ಕೋಟು ಹಾಕಿದ್ದ. ಅದನ್ನು ಅವನು ಈ ಹಬ್ಬಕ್ಕೆ ಯಾವತ್ತೂ ಹಾಕಿದವನಲ್ಲ.

"ಕೂತ್ಕೋ ಮಾರಾಯ್ತಿ, ನಿನ್ನ ಬ್ರೆಡ್ಡಿಗೋಸ್ಕರ ವಿಶ್ವವಿದ್ಯಾಲಯ ಕಾಯ್ತಿದೆ," ಎಂದ ಕೋಲ್ಮನ್. ಖುಷಿಯಲ್ಲಿದ್ದ. ಆ ಖುಷಿಯನ್ನು ನೋಡಲು ಅವಳಿಗೆ ಹೆದರಿಕೆಯಾಯಿತು.

ಪ್ರೊಫೆಸರು ಮೇಜಿನ ಮೇಲಿನ ಪುಟ್ಟ ರೆಕಾರ್ಡರಿನ ಗುಂಡಿ ಒತ್ತಿದ. ಕೆಂಪು ದೀಪ ಹತ್ತಿತು.

"ಮಿಸೆಸ್ ಗ್ಯಾರವನ್, ಭಾಷೆ ನೋಡಿದ್ರೆ ಆ ಸಾಲುಗಳು ಆಮೇಲಿನವು ಅಂತಲೇ ನನಗೆ ಅನ್ಸುತ್ತೆ. ಆದ್ರೆ ಭಾಷೆ ಒಂದನ್ನೇ ನಂಬಿ ಹೇಳಿದ್ರೆ ನನ್ನ ಜೊತೆಯವರೇ ನನ್ನನ್ನ ಹರಿದು ಹಾಕ್ತಾರೆ. ನಿಜವಾಗ್ಲೂ ಅಂಥದ್ದು ನಡೆದಿದ್ರೆ ಆ ಮನೇಲಿ ಏನಾದ್ರೂ ಒಂದು ಮಾತು ಉಳಿದಿರುತ್ತೆ. ನಾವು ಮಾಡಲಿಲ್ಲ ಅಂತಲೋ, ಮಾಡಿದ್ವಿ ಅಂತಲೋ. ಇಂಥ ಊರಲ್ಲಿ ಯಾವುದೂ ಹಾಗೆ ಸಾಯಲ್ಲ. ನಿಮ್ಮ ಯಜಮಾನ್ರು ಏನೂ ಇಲ್ಲ ಅಂದ್ರು."

"ನಮ್ಮಪ್ಪ ಆ ಪದ್ಯದ ಹೆಸರೆತ್ತಿದ್ರೆ ಎದ್ದು ಹೋಗ್ತಿದ್ದ," ಎಂದ ಕೋಲ್ಮನ್. "ಮಾಡಿದ್ರೆ ತಾನೇ ಮಾತು ಇರೋದು."

"ಮನೆತನದ ವಿಷಯ ಎಷ್ಟೋ ಸಲ ಗಂಡಸರ ಕಿವಿಗೆ ಬೀಳದೆ ಹೆಂಗಸರಲ್ಲೇ ಉಳಿದಿರುತ್ತೆ," ಎಂದು ಪ್ರೊಫೆಸರು ನಯವಾಗಿ ನಕ್ಕ. "ಅದಕ್ಕೇ ನಿಮ್ಮನ್ನ ಕೇಳ್ತಿರೋದು. ನಿಮ್ಮತ್ತೆ ಏನಾದ್ರೂ ಹೇಳಿದ್ದು ಇದೆಯಾ?"

ಡಿಂಫ್ನಾ ಕೈ ನೋಡಿಕೊಂಡಳು. ಉಗುರಿನ ಸಂದಿನಲ್ಲಿ ಬೆಣ್ಣೆ. ಇವನು ಸರಿಯಾದ ಬಾಗಿಲಿಗೇ ಬಂದು ತಟ್ಟಿದ್ದಾನೆ ಎಂದುಕೊಂಡಳು. ತೆಗೆದುಬಿಟ್ಟರೆ? ಮೊದಲು ಕೋಲ್ಮನ್ನನ ಮುಖ ಏನಾಗುತ್ತದೆ? ಇಪ್ಪತ್ತಾರು ವರ್ಷ ಒಂದೇ ಹಾಸಿಗೆಯಲ್ಲಿ ಮಲಗಿ ಇದನ್ನು ಹೇಳಲಿಲ್ಲವೆ ಎಂದಾನು. ಆಮೇಲೆ ಪುಸ್ತಕ, ಪತ್ರಿಕೆ. ದೋಣಿ ಇಳಿಸದ ಗ್ಯಾರವನ್ ಹೋಗಿ, ಬೇನೆಯ ನಟನೆ ಮಾಡಿದ ಗ್ಯಾರವನ್ನನ ಹೆಂಡತಿ ಬರುತ್ತಾಳೆ. ಅದಕ್ಕೂ ಯಾರಾದರೂ ಡ್ರಮ್ಮು ಬಾರಿಸುತ್ತಾರೆ. ಆರನೇ ಕ್ಲಾಸಿನ ಮಕ್ಕಳು ಫಿನೋಲಾಳನ್ನು ನೋಡಿ ಹೊಟ್ಟೆ ಹಿಡಿದುಕೊಂಡು ನರಳುತ್ತಾರೆ.

ಬಾಗಿಲ ಸಂದಿಯಲ್ಲಿ ಫಿನೋಲಾ ನಿಂತಿದ್ದಳು.

"ಇಲ್ಲ," ಎಂದಳು ಡಿಂಫ್ನಾ.

"ತೊಂದರೆ ಇಲ್ಲಾಂದ್ರೆ ಇಡೀ ವಾಕ್ಯವಾಗಿ ಹೇಳ್ತೀರಾ? ಬರೀ ಇಲ್ಲ ಅಂದ್ರೆ ಕೇಳೋರಿಗೆ ಯಾವುದಕ್ಕೆ ಅಂತ ತಿಳಿಯಲ್ಲ."

ಕೆಂಪು ದೀಪ ಉರಿಯುತ್ತಲೇ ಇತ್ತು.

"ನಮ್ಮ ಮನೇಲಿ ದೋಣಿ ವಿಷಯ ಯಾರೂ ಏನೂ ಹೇಳಿಲ್ಲ. ನಮ್ಮತ್ತೇನೂ ಹೇಳಿಲ್ಲ."

ತನ್ನ ದನಿ ತನಗೇ ನಾಬ್ಲಾಳ ದನಿಯಂತೆ ಕೇಳಿಸಿತು. ಅಡುಗೆಗೆ ಉಪ್ಪೆಷ್ಟು ಎನ್ನುವ ಆ ದನಿ. ಪ್ರೊಫೆಸರು ಗುಂಡಿ ಒತ್ತಿ ದೀಪ ಆರಿಸಿದ. ಕೋಲ್ಮನ್ ಕೈಚೌಕ ತೆಗೆದು ಮೂಗು ಒರೆಸಿಕೊಂಡ. ಫಿನೋಲಾ ಓಡಿಬಂದು ಹಿಂದಿನಿಂದ ಅವಳ ಕುತ್ತಿಗೆ ತಬ್ಬಿಕೊಂಡು ಕೂದಲಿಗೆ ಮುಖ ಒತ್ತಿದಳು. ಚಿಕ್ಕವಳಿದ್ದಾಗ ಹೀಗೆ ಮಾಡುತ್ತಿದ್ದಳು. ಆ ಅಪ್ಪುಗೆಯೊಳಗೆ ಡಿಂಫ್ನಾ ಅಲುಗಾಡದೆ ಕೂತಳು, ತನ್ನ ಕೆಳಗೆ ಯಾವುದೋ ಗಟ್ಟಿ ವಸ್ತು ಒತ್ತುತ್ತಿರುವ ಹಾಗೆ.

ಸಭಾಭವನ ತುಂಬಿತ್ತು. ಒದ್ದೆ ಕೋಟುಗಳ ಹಬೆ ಕಿಟಕಿಯ ಗಾಜಿಗೆ ಹತ್ತಿತ್ತು. ಸುದ್ದಿ ಆಗಲೇ ಹರಡಿತ್ತೆಂದು ಕಾಣುತ್ತದೆ. ಜನ ಕೋಲ್ಮನ್ನನ ಕೈ ಕುಲುಕಲು ಸಾಲುಗಳ ನಡುವೆ ನುಸುಳಿ ಬರುತ್ತಿದ್ದರು. ಡೆಲಿಯಾ ಪಕ್ಕದ ಕುರ್ಚಿಗೆ ದೊಪ್ಪನೆ ಕೂತಳು.

"ಅಲ್ಲ ಕಣೇ ಡಿಂಫ್ನಾ, ಇನ್ಮೇಲೆ ನೀವು ಎದ್ದು ಹೋಗ್ಬೇಕಾಗಿಲ್ಲ ಅಂತಾದ್ರೆ ಚಹಾ ಯಾರೇ ಮಾಡೋರು? ನಾವೆಲ್ಲ ಬಾಯಾರಿ ಸಾಯ್ಬೇಕಾ?"

"ನೀನೇ ಮಾಡು. ಬೆಣ್ಣೆ ಅಂಚಿಗೆ ಸವರೋದು ನಿನಗೆ ಗೊತ್ತಲ್ಲ."

ಡೆಲಿಯಾ ಗಹಗಹಿಸಿ ನಕ್ಕಳು. ಇಷ್ಟು ವರ್ಷದಲ್ಲಿ ಚಹಾದ ವಿಷಯ ಇಬ್ಬರೂ ಬಾಯಿ ಬಿಟ್ಟು ಆಡಿದ್ದು ಇದೇ ಮೊದಲು. ಇಷ್ಟು ಹಗುರವಾಗುವುದಾದರೆ, ಎಂದುಕೊಂಡಳು ಡಿಂಫ್ನಾ, ಒಂದು ಸುಳ್ಳು ಏನು ಮಹಾ.

ಪ್ರೊಫೆಸರು ವೇದಿಕೆ ಹತ್ತಿ ಚೆನ್ನಾಗಿಯೇ ಮಾತಾಡಿದ. ಮೇಷ್ಟ್ರು, ಜಗಳ, ಮಾತಿನ ಹಳತು ಹೊಸತು ಎಲ್ಲವನ್ನೂ ಊರಿನವರಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದ. ಕೊನೆಯಲ್ಲಿ, "ಈ ದಿನ ಆ ಮನೆಯ ಹಿರಿಯ ಹೆಣ್ಣುಮಗಳನ್ನೇ ಕೇಳಿ ಖಚಿತ ಮಾಡಿಕೊಂಡಿದ್ದೇನೆ. ಅಂಥ ಯಾವ ನೆನಪೂ ಆ ಮನೆಯಲ್ಲಿಲ್ಲ. ಒಂದು ಮನೆತನ ಇನ್ನೂರು ವರ್ಷ ತನ್ನದಲ್ಲದ ತಪ್ಪನ್ನು ಹೊತ್ತಿದೆ," ಎಂದ. ಚಪ್ಪಾಳೆ ಬಿತ್ತು. ಎಲ್ಲರೂ ಅವಳ ಕಡೆ ತಿರುಗಿದರು. ಕೋಲ್ಮನ್ ಮುಖವನ್ನು ಟೋಪಿಯಿಂದ ಮರೆಮಾಡಿಕೊಂಡ. ಅವನ ಅಪ್ಪ ಈ ಭವನದ ಹೊಸ್ತಿಲು ತುಳಿಯದೆ ಸತ್ತವನು.

ಆಮೇಲೆ ಬಾರ್ಟ್ಲಿ ಎದ್ದ.

ಅವನು ವೇದಿಕೆ ಹತ್ತುವುದಿಲ್ಲ. ನಡುವೆ ಒಂದು ಕುರ್ಚಿ, ಪಕ್ಕದಲ್ಲಿ ಅವನ ಕೈ ಹಿಡಿದು ಲಯಕ್ಕೆ ಆಡಿಸಲು ಒಬ್ಬರು, ಅಷ್ಟೇ. ಕಣ್ಣು ಮುಚ್ಚಿ ಶುರುಮಾಡಿದ. ಅಲೆ ಬಂತು, ಗಾಳಿ ಬಂತು, ದಡದಲ್ಲಿ ಸೈವ್‌ಳ ಬರಿಗಾಲು ಬಂತು. ಗಂಡನ ಒಂದೊಂದು ಕೂಗಿಗೂ ಅವಳು ಕೊಟ್ಟ ಉತ್ತರ ಬಂತು. ಸಾಲುಗಳು ಹತ್ತಿರವಾದಂತೆ ಡಿಂಫ್ನಾಳ ಮೊಣಕಾಲುಗಳು ಅಭ್ಯಾಸದಂತೆ ತಾವಾಗಿಯೇ ಏಳಲು ನೋಡಿದವು. ಅವಳು ಕುರ್ಚಿಯ ಅಂಚು ಹಿಡಿದು ಕೂತಳು. ಏಳಬೇಕಾದ ಕಾರಣ ಈಗ ಇರಲಿಲ್ಲ.

ಬಾರ್ಟ್ಲಿ ನಿಲ್ಲಿಸಿದ. ಕಣ್ಣು ತೆರೆದು ಅವಳನ್ನು ನೋಡಿದ. ದೂರು ಇರಲಿಲ್ಲ ಆ ನೋಟದಲ್ಲಿ. ಎದುರಿಗಿದ್ದೀಯಾ, ಹಾಗಾದರೆ ಹೇಳುವುದಿಲ್ಲ, ಎನ್ನುವ ಹಳೆಯ ಮರ್ಯಾದೆ ಅಷ್ಟೇ. ಮತ್ತೆ ಕಣ್ಣು ಮುಚ್ಚಿದ. ಆದರೆ ಮುಂದಿನ ಸಾಲಿಗೆ ದಾಟಲಿಲ್ಲ. ಆ ನಾಲ್ಕು ಸಾಲು ಹೇಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಸುಮ್ಮನೆ ಕೂತ. ಅವನ ಕೈ ಹಿಡಿದವಳು ಲಯಕ್ಕೆ ಸರಿಯಾಗಿ ಕೈಯನ್ನು ನಿಧಾನವಾಗಿ ಆಡಿಸುತ್ತಲೇ ಇದ್ದಳು.

ಡಿಂಫ್ನಾ ತಲೆಯೆತ್ತಿ ನೋಡಿದಳು. ಮುಂದಿನ ಸಾಲಿನಲ್ಲಿ ಕೂತ ಹೆಂಗಸಿನ ತುಟಿ ಅಲುಗುತ್ತಿತ್ತು. ಅವಳ ಪಕ್ಕದವನದೂ. ಗೋಡೆಗೆ ಒರಗಿ ನಿಂತ ಶಾಲೆಯ ಮಕ್ಕಳದೂ. ದನಿಯಿಲ್ಲದೆ ಇಡೀ ಊರು ಆ ಸಾಲುಗಳನ್ನು ಹೇಳುತ್ತಿತ್ತು, ಯಾರಿಗೂ ತಾವು ಹೇಳುತ್ತಿದ್ದೇವೆಂಬ ಅರಿವಿರಲಿಲ್ಲ. ಇಷ್ಟು ವರ್ಷ ಬಾಗಿಲ ಆಚೆ ಚಹಾ ಬಸಿಯುತ್ತಿದ್ದವಳು ಇದನ್ನು ಕಂಡಿರಲಿಲ್ಲ. ವೇದಿಕೆಯ ಮೇಲೆ ಪ್ರೊಫೆಸರನ ತುಟಿಯೂ ಅಲುಗುತ್ತಿತ್ತು. ಇತ್ತ ತಿರುಗಿದರೆ ಫಿನೋಲಾ: ಕಣ್ಣು ಹೊಳೆಯುತ್ತಿದೆ, ಕೆನ್ನೆ ಕೆಂಪಾಗಿದೆ, ಗೆದ್ದವಳ ಮುಖ. ಆ ಮುಖದಲ್ಲಿ ತುಟಿಗಳು ತಮ್ಮ ಪಾಡಿಗೆ ತಾವು ಹೇಳಿಕೊಳ್ಳುತ್ತಿವೆ. *ಬೆನ್ನು ಒಣಗಿಸಿಕೊಂಡು ಬೆಚ್ಚಗೆ ಮಲಗಿತ್ತು.*

ಇದನ್ನು ಯಾವ ಪುಸ್ತಕದಿಂದ ತೆಗೆದರೆ ಏನಾಯಿತು. ಸೋಮವಾರ ಫಿನೋಲಾ ಆ ಜಾಗ ದಾಟಿ ಮುಂದಿನ ಸಾಲಿಗೆ ಹೋದಾಗ, ಆರನೇ ಕ್ಲಾಸಿನ ಮಕ್ಕಳು ಹೀಗೆಯೇ ತುಟಿ ಆಡಿಸುತ್ತಾರೆ. ಬೈಯಲೂ ಆಗದ ಹಾಗೆ, ಸೀಮೆಸುಣ್ಣಕ್ಕೆ ಕಳಿಸಲೂ ಆಗದ ಹಾಗೆ. ಅವಳ ಮಕ್ಕಳ ಮುಂದೆಯೂ ಯಾರಾದರೂ ಹೀಗೆ ಸುಮ್ಮನಾದಾರು.

ತನ್ನ ಸುಳ್ಳು ಯಾರನ್ನು ಉಳಿಸಿತು? ಗ್ಯಾರವನ್ನನ ಹೆಸರು ಎಲ್ಲಿತ್ತೋ ಅಲ್ಲೇ ಇದೆ. ಸೈವ್‌ಳ ಮಾತು ಸುಳ್ಳಾಯಿತು, ಬಾರ್ಟ್ಲಿಯ ಅಜ್ಜಿಯ ಅಳು ಸುಳ್ಳಾಯಿತು. ದೋಣಿಯೇ ಇರಲಿಲ್ಲ ಎಂದ ಮೇಲೆ ಹುಟ್ಟುಗಳೂ ಇರಲಿಲ್ಲ, ಅವುಗಳ ಮೇಲೆ ಬೆನ್ನೊತ್ತಿ ಮಲಗಿ, ಹೊರಗಿನ ಕೂಗು ಕೇಳಿಸದಿರಲೆಂದು ತಾನೂ ಕೂಗಿದ ಹೆಂಗಸೂ ಇರಲಿಲ್ಲ. ಹೆಸರಿಲ್ಲದವಳಿಗೆ ಇದ್ದ ಜಾಗ ಆ ನಾಲ್ಕು ಸಾಲಿನ ಅಡಿಯೊಂದೇ. ಇವತ್ತು ಮಧ್ಯಾಹ್ನ ತಾನು ಅವಳಂತೆಯೇ ಮಾಡಿದೆ. ಅವಳಿಗಾದರೂ ಮೂವರು ಬದುಕಿ ಉಳಿದರು.

ಬಾರ್ಟ್ಲಿ ಉಸಿರೆಳೆದುಕೊಂಡು ಮುಂದಿನ ಸಾಲು ಎತ್ತಿದ. ಭವನ ಸಡಿಲಾಯಿತು.

ಪದ್ಯ ಮುಗಿದು ಚಪ್ಪಾಳೆ ಇನ್ನೂ ಇರುವಾಗಲೇ ಡಿಂಫ್ನಾ ಅಡುಗೆಮನೆಗೆ ಬಂದು ಚಹಾ ಬಸಿಯತೊಡಗಿದಳು. ಫಿನೋಲಾ ಹಿಂದೆಯೇ ಬಂದು ತಟ್ಟೆಗಳ ಮೇಲಿನ ಬಟ್ಟೆ ತೆಗೆದಳು.

"ಯಾಕಮ್ಮ, ಮುಖ ಹೀಗೆ? ಖುಷಿ ಇಲ್ವಾ ನಿನಗೆ?"

"ಖುಷಿ ಇದೆ. ಕಾಲು ನೋವು. ಯಾವತ್ತೂ ಅಷ್ಟು ಹೊತ್ತು ಕೂತು ಕೇಳಿರ್ಲಿಲ್ಲವಲ್ಲ."

"ಬಾರ್ಟ್ಲಿ ಯಾಕೆ ಹಾಗೆ ನಡುವೆ ನಿಲ್ಲಿಸಿದ? ಮರೆತುಹೋಯ್ತೇನೋ ಪಾಪ."

"ವಯಸ್ಸಾಯ್ತಲ್ಲ," ಎಂದಳು ಡಿಂಫ್ನಾ.

ಪ್ರೊಫೆಸರು ಬಾಗಿಲಲ್ಲಿ ಇಣುಕಿ ಎರಡು ಕೈಯನ್ನೂ ಚಾಚಿದ. ಬಹಳ ಉಪಕಾರವಾಯಿತು ಎಂದ. ಡೆಲಿಯಾಳ ಅಕ್ಕನ ಮನೆಯಲ್ಲಿ ಉಳಿದುಕೊಂಡಿದ್ದೇನೆ, ನಾಳೆ ಮಧ್ಯಾಹ್ನದವರೆಗೂ ಇರುತ್ತೇನೆ, ಬೇರೆ ಏನಾದರೂ ನೆನಪಾದರೆ ಎಷ್ಟು ಚಿಕ್ಕದಾದರೂ ಸರಿ, ಎಂದ. ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದ್ದ. ಅವಳು ಅವನ ಕೈಗೆ ಲೋಟ ಕೊಟ್ಟು, ಸಕ್ಕರೆ ಎಷ್ಟು ಎಂದು ಕೇಳಿದಳು.

ಅವನು ಹೋದ ಮೇಲೆ ಫಿನೋಲಾ ಒಂದು ಮೊಟ್ಟೆಯ ಬ್ರೆಡ್ಡು ಬಾಯಿಗಿಟ್ಟುಕೊಂಡು, ತಟ್ಟೆ ಎತ್ತಿ, ಏನೋ ಗುನುಗುತ್ತ ಹೊರಗೆ ಹೋದಳು. ಡಿಂಫ್ನಾ ಅವಳ ಬೆನ್ನನ್ನು ನೋಡಿದಳು. ಅತ್ತೆ ಸೊಸೆಗೆ ಹೇಳಬೇಕಾದದ್ದು. ತನಗೆ ಸೊಸೆ ಇಲ್ಲ, ಬರುವುದೂ ಇಲ್ಲ. ನಾಳೆ ಬೆಳಿಗ್ಗೆ ಕೋಲ್ಮನ್ ದನಗಳಿಗೆ ಹುಲ್ಲು ಹಾಕಲು ಹೋದಾಗ ಮಗಳನ್ನು ಮೇಲಿನ ಕೋಣೆಗೆ ಕರೆಯುವುದು. ಹೇಳುವುದು. ಮಗಳು ಕೂಗಾಡಲಿ, ಅಳಲಿ, ಮುಖ ತಿರುಗಿಸಿಕೊಳ್ಳಲಿ. ಆಮೇಲೆ ಕೋಟು ಹಾಕಿಕೊಂಡು ಡೆಲಿಯಾಳ ಅಕ್ಕನ ಮನೆಗೆ, ಆ ಕೆಂಪು ದೀಪದ ಮುಂದೆ. ಮಗಳು ಜೊತೆಗೆ ಬಂದರೆ ಬರಲಿ. ಬರದಿದ್ದರೆ ಒಬ್ಬಳೇ.

ಕೋಲ್ಮನ್ನನಿಗೆ ಹೇಗೆ ಹೇಳುವುದೆಂದು ಮಾತ್ರ ಅವಳಿಗೆ ಇನ್ನೂ ತಿಳಿದಿರಲಿಲ್ಲ.

"ಡಿಂಫ್ನಾ, ಇಲ್ಲಿ ಹಾಲು ಖಾಲಿ," ಎಂದು ಹೊರಗಿನಿಂದ ಡೆಲಿಯಾ ಕೂಗಿದಳು.

"ಬಂದೆ," ಎಂದಳು ಡಿಂಫ್ನಾ.